ಬಿಲ್ಲು ಇನ್ನೂರರ ಗಡಿ ದಾಟುತ್ತಿದೆ

ಪ್ರಶ್ನೆ: ನಮ್ಮದು ನಾಲ್ವರ ಸಂಸಾರ. ಗೃಹಜ್ಯೋತಿಯ ಸೌಲಭ್ಯವಿದ್ದರೂ ಕೆಲವು ತಿಂಗಳುಗಳಿಂದ ಬಳಕೆ 200 ಯೂನಿಟ್ ಮೀರುತ್ತಿರುವುದರಿಂದ ಪೂರ್ತಿ ಬಿಲ್ಲನ್ನು ನಾವೇ ಕಟ್ಟುತ್ತಿದ್ದೇವೆ. ಹಳೆಯ ಫ್ರಿಜ್ ಬದಲಿಸಬೇಕೇ? – ಗೃಹಿಣಿ, ಮೈಸೂರು

ಉತ್ತರ: ಫ್ರಿಜ್ಜಿಗೆ ಹಣ ಸುರಿಯುವ ಮುನ್ನ ದಯವಿಟ್ಟು ಬಚ್ಚಲುಮನೆಯ ಗೀಜರನ್ನು ನೋಡಿ. 2,000 ವ್ಯಾಟ್‌ನ ಗೀಜರು ಅರ್ಧ ಗಂಟೆ ನೀರು ಕಾಯಿಸಿದರೆ ಒಂದು ಯೂನಿಟ್ ಖರ್ಚಾಗುತ್ತದೆ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಸ್ನಾನ ಮಾಡುವ ಮನೆಯಲ್ಲಿ ಅದರ ಸ್ವಿಚ್ಚು ಬೆಳಗಿನಿಂದ ಹಾಕಿಯೇ ಇದ್ದು, ಆರಿದ ನೀರನ್ನೇ ಅದು ಮತ್ತೆ ಮತ್ತೆ ಕಾಯಿಸುತ್ತಿರುತ್ತದೆ. ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸಿ, ಕೂಡಲೇ ಸ್ವಿಚ್ಚು ಆರಿಸುವ ರೂಢಿಯನ್ನು ನಾಳೆಯಿಂದಲೇ ಮಾಡಿಕೊಳ್ಳಿ. ತಾರಸಿ ನಿಮ್ಮದೇ ಆಗಿದ್ದರೆ ಸೋಲಾರ್ ವಾಟರ್ ಹೀಟರ್ ಹಾಕಿಸುವುದು ಇನ್ನೂ ಒಳ್ಳೆಯದು.

ಎರಡನೆಯದು ಫ್ಯಾನು. ಹಳೆಯ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್ ಎಳೆಯುತ್ತದೆ, ಬಿಎಲ್‌ಡಿಸಿ (ಕಡಿಮೆ ವಿದ್ಯುತ್ತಿನಲ್ಲಿ ಓಡುವ ಹೊಸ ಬಗೆಯ ಮೋಟಾರಿನ) ಫ್ಯಾನಿಗೆ ಸುಮಾರು 30 ಸಾಕು. ದಿನಕ್ಕೆ 12 ಗಂಟೆ ತಿರುಗುವ ಒಂದು ಫ್ಯಾನನ್ನು ಬದಲಿಸಿದರೆ ತಿಂಗಳಿಗೆ ಹದಿನಾರು ಯೂನಿಟ್ ಉಳಿಯುತ್ತದೆ. ಎಲ್ಲವನ್ನೂ ಒಮ್ಮೆಗೇ ಬದಲಿಸಬೇಕಿಲ್ಲ, ರಾತ್ರಿಯಿಡೀ ಓಡುವ ಮಲಗುವ ಕೋಣೆಯದರಿಂದ ಆರಂಭಿಸಿ.

ಇನ್ನು ಫ್ರಿಜ್: ಬಾಗಿಲಿನ ಸಂದಿಯಲ್ಲಿ ಒಂದು ಕಾಗದವಿಟ್ಟು ಮುಚ್ಚಿ, ಮೆಲ್ಲನೆ ಎಳೆಯಿರಿ. ಬಿಗಿಯಾಗಿ ಹಿಡಿದುಕೊಂಡರೆ ಬಾಗಿಲಿನ ರಬ್ಬರು ಸರಿಯಾಗಿದೆ. ಸಲೀಸಾಗಿ ಜಾರಿ ಬಂದರೆ ತಂಪು ಹೊರಗೆ ಸೋರುತ್ತಿದೆಯೆಂದು ತಿಳಿದು, ಮೊದಲು ಆ ರಬ್ಬರನ್ನಷ್ಟೇ ಬದಲಿಸಿ ಒಂದು ತಿಂಗಳ ರೀಡಿಂಗ್ ನೋಡಿ.