ಇನ್ನೊಂದು ಸಲ ಮುಳುಗಿ ಎದ್ದರೆ ಹೋಗುತ್ತಾ?

ಈ ಪ್ರಶ್ನೆ ನನಗೆ ಹೊಸದಲ್ಲ. ಆಪ್ತಸಲಹೆಗೆ ನನ್ನ ಹತ್ತಿರ ಬರುವ ಕ್ರೈಸ್ತರಲ್ಲಿ ಹಲವರು ಇದನ್ನೇ ಬೇರೆ ಬೇರೆ ರೀತಿ ಕೇಳಿದ್ದಾರೆ. ಕುಡಿತ ಬಿಟ್ಟು ಮತ್ತೆ ಹಿಡಿದವರು ಕೇಳಿದ್ದಾರೆ. ಹೆಂಡತಿಗೆ ಮೋಸ ಮಾಡಿ ಮನೆಗೆ ವಾಪಸ್ ಬಂದವರು ಕೇಳಿದ್ದಾರೆ. ಒಂದು ತಪ್ಪು ಒಳಗೆ ಕೂತುಬಿಟ್ಟಿರುತ್ತದೆ, ಯಾವ ಪ್ರಾರ್ಥನೆಗೂ ಅಲುಗುವುದಿಲ್ಲ. ಆಗ, ಇನ್ನೊಂದು ಸಲ ದೀಕ್ಷಾಸ್ನಾನ (ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ನೀರಿನ ಸಂಸ್ಕಾರ) ತಗೊಂಡರೆ ತೊಳೆದು ಹೋಗಬಹುದಾ ಎಂಬ ಯೋಚನೆ ಬರುತ್ತದೆ.

ಸುಗುಣಮ್ಮನೂ ಅದನ್ನೇ ಕೇಳಿದರು. ಇದು ಅವರ ಹೆಸರಲ್ಲ. ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಅವರು ಒಪ್ಪಿದ್ದಾರೆ.

ವಯಸ್ಸು ಅರವತ್ತು ದಾಟಿದೆ. ಕರಾವಳಿಯ ಒಂದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ಅಜ್ಜ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ನಿದ್ದೆ ಬರುವುದಿಲ್ಲ ಎಂದು ಡಾಕ್ಟರ ಹತ್ತಿರ ಹೋಗಿದ್ದರು, ಅವರು ನನ್ನ ಹತ್ತಿರ ಕಳಿಸಿದರು. ಮೊದಲ ಎರಡು ಭೇಟಿಯಲ್ಲಿ ನಿದ್ದೆಯ ಮಾತು ಬಿಟ್ಟು ಬೇರೇನೂ ಬರಲಿಲ್ಲ. ಎರಡನೆಯ ಸಲ ಎದ್ದು ಹೊರಡುವಾಗ, ಬಾಗಿಲ ಹತ್ತಿರ ನಿಂತು ಕೇಳಿದರು. ಪಕ್ಕದ ಮನೆಯವರು ಹೋಗುವ ಪ್ರಾರ್ಥನಾ ಕೂಟದಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಡುತ್ತಾರಂತೆ. "ಇನ್ನೊಂದು ಸಲ ಮುಳುಗಿ ಎದ್ದರೆ ಹೋಗುತ್ತಾ ಮೇಡಂ?"

ಏನು ಹೋಗಬೇಕು ಎಂದು ಮೂರನೆಯ ಭೇಟಿಯಲ್ಲಿ ಹೇಳಿದರು.

ಅಪ್ಪ ತೀರಿಕೊಂಡ ಮೇಲೆ ಮನೆ ಜಾಗದ ವಿಷಯದಲ್ಲಿ ಅಣ್ಣನ ಜೊತೆ ಜಗಳವಾಗಿದೆ. ನೆಂಟರೆಲ್ಲ ಸೇರಿದ್ದ ಒಂದು ದಿನ, ಎಲ್ಲರ ಎದುರಿಗೆ, "ನೀನು ಸತ್ತರೂ ನಿನ್ನ ಮುಖ ನೋಡಲ್ಲ" ಎಂದುಬಿಟ್ಟಿದ್ದಾರೆ. ಎರಡು ವರ್ಷ ಕಳೆದ ಮೇಲೆ ಅಣ್ಣ ಹೃದಯಾಘಾತದಿಂದ ಹೋದರು. ಇವರು ಮಣ್ಣಿಗೆ ಹೋಗಲಿಲ್ಲ.

"ನೋಡಲ್ಲ ಅಂದಿದ್ದೆ ಮೇಡಂ. ನೋಡಲೂ ಇಲ್ಲ."

ಅದಾಗಿ ಒಂಬತ್ತು ವರ್ಷ. ಈ ಒಂಬತ್ತು ವರ್ಷ ಅವರು ಕರ್ತನ ರಾತ್ರಿಭೋಜನ, ಅಂದರೆ ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಸಂಸ್ಕಾರ, ತೆಗೆದುಕೊಂಡಿಲ್ಲ. ಅವರ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಈ ಸಂಸ್ಕಾರ ಇರುತ್ತದೆ. ಪ್ರಸಂಗ ಮುಗಿಯುವವರೆಗೆ ಕೂತಿರುತ್ತಾರೆ. ಆಮೇಲೆ ಪಕ್ಕದ ಬಾಗಿಲಿನಿಂದ ಹೊರಗೆ. ಸಿ.ಎಸ್.ಐ. ಆರಾಧನೆ ಗೊತ್ತಿದ್ದವರಿಗೆ ಇದು ಅರ್ಥವಾಗುತ್ತದೆ. 1947ರಲ್ಲಿ ಹಲವು ಸಭೆಗಳು ಒಂದಾಗಿ ಸಿ.ಎಸ್.ಐ. ಆಯಿತು. 1950ರಲ್ಲಿ ತಂದ ಸಂಸ್ಕಾರದ ಕ್ರಮದಲ್ಲಿ, ರೊಟ್ಟಿ ಮುರಿಯುವ ಮುಂಚೆ ಒಬ್ಬರ ಕೈಯಿಂದ ಒಬ್ಬರ ಕೈಗೆ ಸಮಾಧಾನ ದಾಟಿಸುವ ಪದ್ಧತಿ ಸೇರಿಸಿದರು. ವೇದಿಯ ಹತ್ತಿರ ಶುರುವಾಗಿ ಅದು ಸಾಲಿನಿಂದ ಸಾಲಿಗೆ ಬರುತ್ತದೆ. ಸುಗುಣಮ್ಮನ ಎರಡು ಸಾಲು ಮುಂದೆ ಅವರ ಅತ್ತಿಗೆ ಕೂರುತ್ತಾರೆ. ಆ ಕೈಗಳನ್ನು ದಾಟಿ ಬಂದ ಸಮಾಧಾನ ಹಿಡಿಯುವ ಧೈರ್ಯ ಇವರಿಗಿಲ್ಲ.

ಇದನ್ನೆಲ್ಲ ಹೇಳುತ್ತಾ, ಸುಮ್ನೆ ಇನ್ನೊಂದು ಮಾತು ಸೇರಿಸಿದರು. ಸಂಸ್ಕಾರಕ್ಕೆ ದ್ರಾಕ್ಷಾರಸ ಕೊಡುವ ಸಣ್ಣ ಲೋಟಗಳನ್ನು ಶನಿವಾರ ತೊಳೆದು ಒರೆಸಿ ಇಡುವುದು ಅವರೇ. ವೇದಿಯ ಬಿಳಿ ಬಟ್ಟೆ ಇಸ್ತ್ರಿ ಮಾಡುವುದೂ ಅವರೇ. ಒಂದು ಶನಿವಾರವೂ ತಪ್ಪಿಸಿಲ್ಲ.

"ತೊಳೀತೀರಿ, ಆದರೆ ಕುಡಿಯಲ್ಲ" ಎಂದೆ.

"ತೊಳೆಯೋಕೆ ಯೋಗ್ಯತೆ ಬೇಡ ಮೇಡಂ. ಕುಡಿಯೋಕೆ ಬೇಕು."

ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ಮಾತಿಗೆ ತಕ್ಷಣ ವಚನ ಹೇಳಿ ಸಮಾಧಾನ ಮಾಡುವುದು ಸುಲಭವಿತ್ತು. ವಚನಗಳು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ಅವರು ತಂದಿದ್ದ ಪ್ರಶ್ನೆಗೇ ವಾಪಸ್ ಹೋದೆ.

"ನಿಮ್ಮ ಮೊದಲನೇ ದೀಕ್ಷಾಸ್ನಾನ ಯಾವಾಗ ಆಯಿತು?"

"ಮೂರು ತಿಂಗಳ ಮಗು ಆಗಿದ್ದಾಗ. ನನಗೇನು ನೆನಪು? ಅಣ್ಣ ಹೇಳ್ತಿದ್ದ." ಹೇಳುತ್ತಾ ಅವರ ಮುಖ ಸಡಿಲವಾಯಿತು. "ನೀರು ತಲೆಗೆ ಬಿದ್ದಿದ್ದೇ ಊರಿಗೆಲ್ಲ ಕೇಳೋ ಹಾಗೆ ಕಿರುಚಿದ್ದೆನಂತೆ. ಅಯ್ಯನವರ ನಿಲುವಂಗಿ ಒದ್ದೆ ಮಾಡಿದ್ದೆನಂತೆ. ಅಣ್ಣನಿಗೆ ಆಗ ಏಳು ವರ್ಷ. ನನ್ನ ಮದುವೆವರೆಗೂ ಅದನ್ನೇ ಹೇಳಿ ಗೇಲಿ ಮಾಡ್ತಿದ್ದ." ನಕ್ಕರು. ನಗು ಅರ್ಧಕ್ಕೇ ನಿಂತಿತು. ಆ ಕೋಣೆಯಲ್ಲಿ ಅಣ್ಣ ಎಂಬ ಮಾತು ಪ್ರೀತಿಯಿಂದ ಬಂದದ್ದು ಅದೇ ಮೊದಲು. ಅದು ಅವರಿಗೂ ಕೇಳಿಸಿತ್ತು.

"ಅವತ್ತು ನಿಮ್ಮ ಯೋಗ್ಯತೆ ಏನಿತ್ತಮ್ಮ?"

ಬಹಳ ಹೊತ್ತು ಅತ್ತರು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಅವತ್ತು ಯಾರೂ ಕೇಳಲಿಲ್ಲ" ಎಂದರು.

ನಾನು ಕೊಟ್ಟ ಸಲಹೆ ಇದು. ಇನ್ನೊಂದು ದೀಕ್ಷಾಸ್ನಾನ ಬೇಡ. ಬರುವ ಮೊದಲ ಭಾನುವಾರ ಎದ್ದು ಹೋಗಬೇಡಿ, ಸಮಾಧಾನ ಕೈಗೆ ಬಂದರೆ ಹಿಡಿಯಿರಿ, ರೊಟ್ಟಿಗೂ ಕೈ ಚಾಚಿ. ಅಣ್ಣನ ವಿಷಯದಲ್ಲಿ ಈಗಲೂ ಸರಿಮಾಡಲು ಆಗುವುದು ಏನಾದರೂ ಉಳಿದಿದ್ದರೆ ಅದನ್ನು ಮಾಡಿ. ಆದರೆ ಅದನ್ನು ಸಂಸ್ಕಾರಕ್ಕೆ ಕಟ್ಟುವ ಶುಲ್ಕ ಅಂದುಕೊಳ್ಳಬೇಡಿ. ಡಾಕ್ಟರು ಕೊಟ್ಟ ಮಾತ್ರೆಯನ್ನು ಅವರನ್ನು ಕೇಳದೆ ನಿಲ್ಲಿಸಬೇಡಿ.

ಇನ್ನೊಂದು ದೀಕ್ಷಾಸ್ನಾನ ಯಾಕೆ ಬೇಡ ಎಂದೆ ಅನ್ನುವುದನ್ನು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮನಸ್ಸಿಗೆ ನೋವಾಗುವವರಿದ್ದಾರೆ. ಮುಳುಗಿಸುವುದರ ಮೇಲೆ ನನಗೆ ತಕರಾರಿಲ್ಲ. ಬುದ್ಧಿ ಬಂದ ಮೇಲೆ, ತಾನೇ ನಂಬಿಕೆ ಹೇಳಿ ಪಡೆಯುವುದೇ ದೀಕ್ಷಾಸ್ನಾನ ಎಂದು ಮನಸಾರೆ ನಂಬುವ ಸಭೆಗಳಿವೆ. ಅವರ ಜೊತೆ ನನಗೆ ಜಗಳವಿಲ್ಲ. ಸುಗುಣಮ್ಮನಿಗೆ ಆ ನಂಬಿಕೆ ಬಂದಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದು ಕಲೆ ಹೋಗಿಸುವ ನೀರು. ಆ ಲೆಕ್ಕದಲ್ಲಿ ಹೋದರೆ ಮುಂದಿನ ತಪ್ಪಿಗೆ ಮೂರನೆಯ ಸಲ ಮುಳುಗಬೇಕಾಗುತ್ತದೆ, ಅಲ್ವಾ?

ಈ ಲೆಕ್ಕ ಬಹಳ ಹಳೆಯದು. ನಾಲ್ಕನೆಯ ಶತಮಾನದಲ್ಲಿ, ದೀಕ್ಷಾಸ್ನಾನದ ನಂತರ ಮಾಡಿದ ಪಾಪ ಉಳಿದುಬಿಟ್ಟೀತು ಎಂಬ ಹೆದರಿಕೆಯಿಂದ ಹಲವರು ಅದನ್ನು ಮುಂದೂಡುತ್ತಿದ್ದರು. ಚಕ್ರವರ್ತಿ ಕಾನ್‌ಸ್ಟಂಟೈನ್ ಅದನ್ನು ಪಡೆದದ್ದು 337ರಲ್ಲಿ, ಸಾಯುವುದಕ್ಕೆ ಸ್ವಲ್ಪ ಮುಂಚೆ. ಅದೇ ಶತಮಾನದ 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಬಿಷಪರ ಮಹಾಸಭೆಯ ಹೆಸರಿನ ವಿಶ್ವಾಸ ಪ್ರಮಾಣ ಬಂತು. ಪಾಪ ಕ್ಷಮೆಗೆ ಒಂದೇ ದೀಕ್ಷಾಸ್ನಾನ ಎಂದು ನಾವು ಈಗಲೂ ಎದ್ದು ನಿಂತು ಹೇಳುವುದು ಅದರಲ್ಲೇ. ಒಂದೇ ಅನ್ನುವುದನ್ನು ನಾವು ಎಚ್ಚರಿಕೆ ಅಂದುಕೊಳ್ಳುತ್ತೇವೆ, ಇನ್ನು ಅವಕಾಶವಿಲ್ಲ ಅನ್ನುವ ಹಾಗೆ. ನಾನು ಅದನ್ನು ಧೈರ್ಯದ ಮಾತಾಗಿ ಓದುತ್ತೇನೆ. ಕಿರುಚುತ್ತಿದ್ದ ಮಗುವಿಗೆ ದೇವರು ಕೊಟ್ಟ ಮಾತು ಅದು. ಆ ಮಗು ಬೆಳೆದು ಅಣ್ಣನಿಗೆ ಕೆಟ್ಟ ಮಾತು ಆಡಿದಳು ಎಂದು ದೇವರ ಮಾತು ರದ್ದಾಗುವುದಿಲ್ಲ. ಮುರಿದಿದ್ದು ನಮ್ಮ ಕಡೆ. ಹಾಗೆ ಮುರಿದವರು ಮತ್ತೆ ಮತ್ತೆ ಬರಲಿ ಎಂದೇ ಇನ್ನೊಂದು ಸಂಸ್ಕಾರ ಇದೆ. ಹುಟ್ಟುವುದು ಒಂದೇ ಸಲ, ಹಸಿವು ದಿನಾ. ಸುಗುಣಮ್ಮ ಒಂಬತ್ತು ವರ್ಷದಿಂದ ಉಪವಾಸ ಇದ್ದುಕೊಂಡು ಮತ್ತೆ ಹುಟ್ಟಲು ಹೊರಟಿದ್ದರು.

ಅವರನ್ನು ಕಟ್ಟಿಹಾಕಿದ್ದ ವಚನಗಳು ಎರಡು. ಒಂದು, ಅಯೋಗ್ಯವಾಗಿ ತಿಂದು ಕುಡಿಯಬಾರದು ಎಂದು ಅಪೊಸ್ತಲ ಪೌಲನು ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಬರೆದದ್ದು. ಎಷ್ಟು ಜನ ಈ ಮಾತಿಗೆ ಹೆದರಿ ದೂರ ಉಳಿದಿದ್ದಾರೆ! ಆ ಅಧ್ಯಾಯವನ್ನು ಸ್ವಲ್ಪ ಮೇಲಿನಿಂದ ಓದಿ ನೋಡಿ. ಕೊರಿಂಥದಲ್ಲಿ ಉಳ್ಳವರು ಮೊದಲೇ ಕೂತು ಹೊಟ್ಟೆ ತುಂಬ ತಿಂದು ಕುಡಿಯುತ್ತಿದ್ದರು, ಇಲ್ಲದವರು ಹಸಿದುಕೊಂಡೇ ಇರುತ್ತಿದ್ದರು. ಪೌಲನು ಬೈದದ್ದು ಆ ತಿನ್ನುವ ರೀತಿಗೆ. ಕುಗ್ಗಿ ಹಿಂದೆ ಕೂತವರನ್ನು ಎಬ್ಬಿಸಿ ಕಳಿಸಲು ಬರೆದ ಮಾತಲ್ಲ ಅದು. ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ ಎನ್ನುತ್ತಾನೆ. ತಿನ್ನಲಿ ಎಂದೇ ಹೇಳುತ್ತಾನೆ.

ಇನ್ನೊಂದು ವಚನ ಕಷ್ಟದ್ದು. ಕಾಣಿಕೆಯನ್ನು ವೇದಿಯ ಮುಂದೆ ಬಿಟ್ಟು, ಮೊದಲು ಹೋಗಿ ಸಹೋದರನ ಜೊತೆ ಸಮಾಧಾನವಾಗು ಎಂದು ಯೇಸು ಹೇಳಿದ್ದು. "ಹೋಗೋಕೆ ಅವನೇ ಇಲ್ವಲ್ಲ ಮೇಡಂ" ಎಂದರು ಸುಗುಣಮ್ಮ. ಅವತ್ತು ರಾತ್ರಿ ನನಗೂ ಸರಿಯಾಗಿ ನಿದ್ದೆ ಬರಲಿಲ್ಲ. ಸತ್ತವರ ಜೊತೆ ಸಮಾಧಾನ ಮಾಡಿಸುವ ವಿದ್ಯೆ ಆಪ್ತಸಲಹೆಯಲ್ಲಿ ಇಲ್ಲ. ಕೊನೆಗೆ ನಾನು ಹಿಡಿದುಕೊಂಡದ್ದು ರೋಮಾಪುರದವರಿಗೆ ಬರೆದ ಪತ್ರದ ಹನ್ನೆರಡನೆಯ ಅಧ್ಯಾಯವನ್ನು. ಸಾಧ್ಯವಾದರೆ, ನಿಮ್ಮಿಂದ ಆಗುವ ಮಟ್ಟಿಗೆ ಎಲ್ಲರ ಸಂಗಡ ಸಮಾಧಾನವಾಗಿರಿ ಎಂದಿದೆ ಅಲ್ಲಿ. ಆಗುವ ಮಟ್ಟಿಗೆ. ಅಣ್ಣನಿಗೆ ಹೇಳಬೇಕಾದದ್ದನ್ನು ಪಾಪ ಅರಿಕೆಯ ಹೊತ್ತಿನಲ್ಲಿ ದೇವರಿಗೆ ಹೇಳಿ ಎಂದೆ. ಅಣ್ಣ ಇಲ್ಲದಿದ್ದರೂ ಅತ್ತಿಗೆ ಇದ್ದಾರೆ, ಅವರ ಮಕ್ಕಳಿದ್ದಾರೆ ಎಂದೆ. ಜಾಗದ ವಿಷಯ ಮಾತ್ರ ವಕೀಲರದ್ದು, ಅದಕ್ಕೆ ನಾನು ಕೈ ಹಾಕಲಿಲ್ಲ.

ಹೆಸರು ಹೇಳದೆ ಈ ಪ್ರಕರಣವನ್ನು ಒಂದು ತರಬೇತಿಯಲ್ಲಿ ಚರ್ಚಿಸಿದಾಗ ನಿವೃತ್ತ ಸಭಾಪಾಲಕರೊಬ್ಬರು ಬೇಸರ ಮಾಡಿಕೊಂಡರು. ನೀವು ಕರ್ತನ ಮೇಜನ್ನು ಅಗ್ಗ ಮಾಡಿದಿರಿ, ಮೊದಲು ಅತ್ತಿಗೆಯ ಕಾಲು ಹಿಡಿಯಲು ಹೇಳಬೇಕಿತ್ತು ಎಂದರು. ಅವರ ಮಾತಿನಲ್ಲಿ ತೂಕವಿದೆ. ಸುಗುಣಮ್ಮ ಬಂದು, ನಾನು ಆಡಿದ್ದು ಸರಿಯಾಗೇ ಇದೆ, ಈಗಲೂ ಅದೇ ಹೇಳ್ತೀನಿ ಎಂದಿದ್ದರೆ, ನಾನೂ ಸ್ವಲ್ಪ ತಡೆಯಿರಿ ಎನ್ನುತ್ತಿದ್ದೆ. ಆದರೆ ಒಂಬತ್ತು ವರ್ಷ ತನಗೆ ತಾನೇ ಶಿಕ್ಷೆ ಕೊಟ್ಟುಕೊಂಡವರಿಗೆ ಇನ್ನೊಂದು ಷರತ್ತು ಹಾಕಲು ನನ್ನಿಂದ ಆಗಲಿಲ್ಲ. ಯೇಸು ಶಿಷ್ಯರ ಜೊತೆ ಕೂತ ಆ ಮೊದಲ ರಾತ್ರಿಭೋಜನದ ಮೇಜಿನಲ್ಲಿ ಪೇತ್ರನೂ ಇದ್ದ. ಕೋಳಿ ಕೂಗುವುದರೊಳಗೆ ನನ್ನನ್ನು ಅರಿಯೆ ಅನ್ನುತ್ತೀ ಎಂದು ಅದೇ ರಾತ್ರಿ ಅವನ ಮುಖಕ್ಕೇ ಹೇಳಿದ ಯೇಸು, ಅವನಿಗೆ ರೊಟ್ಟಿ ಕೊಡದೆ ಬಿಡಲಿಲ್ಲ. ಅತ್ತಿಗೆಯ ಮನೆ ಬಾಗಿಲಿಗೆ ಹೋಗಲು ಬೇಕಾದ ಬಲ ಆ ಮೇಜಿನಿಂದಲೇ ಬರಬೇಕು ಎಂದು ನಾನು ನಂಬುತ್ತೇನೆ.

ಆಪ್ತಸಲಹೆಯಲ್ಲಿ ಧರ್ಮದ ಮಾತು ಯಾಕೆ ಎಂದೂ ಒಬ್ಬರು ಕೇಳಿದರು. ನಂಬಿಕೆ ಇಲ್ಲದವರ ಮುಂದೆ ನಾನು ಇದನ್ನು ತೆಗೆಯುವುದಿಲ್ಲ. ಇವರ ನೋವು ಇದ್ದದ್ದೇ ಆ ಭಾಷೆಯಲ್ಲಿ.

ಸುಗುಣಮ್ಮ ಮೊದಲ ಭಾನುವಾರ ಎದ್ದು ಹೋಗಲಿಲ್ಲ. ಸಮಾಧಾನ ಅವರ ಕೈಗೆ ಬಂದದ್ದು ಪಕ್ಕದಲ್ಲಿ ಕೂತಿದ್ದ ಶಾಲಾ ಹುಡುಗಿಯಿಂದ. ಲೋಟ ಹಿಡಿದಾಗ ಕೈ ನಡುಗಿ ಸೀರೆಯ ಮೇಲೆ ಎರಡು ಹನಿ ಚೆಲ್ಲಿತಂತೆ.

ಮೂರು ವಾರ ಬಿಟ್ಟು ಅಣ್ಣನ ಮನೆಗೆ ಹೋದರು. ಜಗಳದ ದಿನ ಹಟಕ್ಕೆ ಎತ್ತಿಕೊಂಡು ಬಂದಿದ್ದ ಅಪ್ಪನ ಬೈಬಲನ್ನು ವಾಪಸ್ ಕೊಡಲು.

"ಅತ್ತಿಗೆ ಇಸ್ಕೊಂಡರು. ಒಳಗೆ ಬಾ ಅನ್ನಲಿಲ್ಲ" ಎಂದರು ನನ್ನ ಹತ್ತಿರ. "ಕ್ರಿಸ್ಮಸ್‌ಗೆ ಮತ್ತೆ ಹೋಗ್ತೀನಿ ಮೇಡಂ."