ಹಳ್ಳಿಗಳಿಗೆ ಬ್ರಾಡ್‌ಬ್ಯಾಂಡ್ ಬಂದರೆ ಆರೋಗ್ಯ ಸೇವೆ ಹೇಗೆ ಸುಧಾರಿಸುತ್ತದೆ?

ವಿಡಿಯೊ ಕರೆಯಲ್ಲಿ ವೈದ್ಯರ ಮುಖ ಕಾಣುವುದು ಇದರ ಸಣ್ಣ ಭಾಗ. ದೊಡ್ಡ ಲಾಭವಿರುವುದು ತಜ್ಞರ ಕೊರತೆ ನೀಗುವುದರಲ್ಲಿ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬಡಿದರೆ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು. ಸಣ್ಣ ಆಸ್ಪತ್ರೆಯಲ್ಲಿ ತೆಗೆದ ಸಿ.ಟಿ. ಸ್ಕ್ಯಾನನ್ನು ದೂರದ ನರರೋಗ ತಜ್ಞರು ಕೂಡಲೇ ನೋಡಿ, ಪರದೆಯಲ್ಲೇ ರೋಗಿಗೆ ಎರಡೂ ಕೈ ಎತ್ತಲು ಹೇಳಿ ಪರೀಕ್ಷಿಸಿ, ಅಲ್ಲಿಯೇ ಮದ್ದು ಕೊಡಿಸಬಹುದು. ಮಧುಮೇಹಿಗಳ ಕಣ್ಣಿನ ಹಾನಿ ಪತ್ತೆಹಚ್ಚಲು ತೆಗೆಯುವ ಅಕ್ಷಿಪಟಲದ (ರೆಟಿನಾ, ಕಣ್ಣಿನ ಒಳಪದರ) ಚಿತ್ರವನ್ನೂ ಹೀಗೆ ತಜ್ಞರಿಗೆ ಕಳುಹಿಸಬಹುದು, ಆದರೆ ಅದಕ್ಕೆ ಅಷ್ಟು ಅವಸರವಿಲ್ಲ; ವರದಿ ಮರುದಿನ ಬಂದರೂ ನಡೆಯುತ್ತದೆ.

ಸ್ಥಳೀಯ ವೈದ್ಯರೂ ಪಳಗುತ್ತಾರೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ 2003ರಲ್ಲಿ ಆರಂಭವಾದ ‘ಪ್ರಾಜೆಕ್ಟ್ ಎಕೋ’ ಯಕೃತ್ತಿಗೆ ತಗಲುವ ವೈರಸ್ ಸೋಂಕಾದ ಹೆಪಟೈಟಿಸ್ ಸಿ ಚಿಕಿತ್ಸೆಯನ್ನು ಹಳ್ಳಿಯ ವೈದ್ಯರಿಗೆ ವಿಡಿಯೊ ಮೂಲಕ ಕಲಿಸಿತು; ಫಲಿತಾಂಶ ವಿಶ್ವವಿದ್ಯಾಲಯದ ಚಿಕಿತ್ಸಾಲಯಕ್ಕೆ ಸರಿಸಾಟಿಯಾಗಿತ್ತು.

ಅಂದ ಹಾಗೆ, ಜಾಹೀರಾತಿನಲ್ಲಿ ಮೆರೆಯುವುದು ಡೌನ್‌ಲೋಡ್ ವೇಗ. ಸ್ಕ್ಯಾನ್ ಕಳುಹಿಸಲು ಬೇಕಾದದ್ದು ಅಪ್‌ಲೋಡ್ ವೇಗ. ಸಂಪರ್ಕ ಪಡೆಯುವಾಗ ಅದನ್ನೇ ವಿಚಾರಿಸಿ.