ಜ್ಯೂರಿ ಕೂರುವ ಮೊದಲೇ ಹೇಳಿಸು

ತಮ್ಮಾ, ನೀನು ಬರೆದದ್ದು ಓದಿದೆ. ವೇರ್‌ಹೌಸ್‌ನಲ್ಲಿ ಭುಜಕ್ಕೆ ಪೆಟ್ಟಾಯಿತು, ಕೆಲಸದಲ್ಲಿ ಆದದ್ದೇ ಅಲ್ಲ ಅಂತ ವಿಮೆಯವರು ಕೈಚೆಲ್ಲಿದರು, ಟೆಕ್ಸಾಸ್ ರಾಜ್ಯದ ಕಾರ್ಮಿಕ ಪರಿಹಾರ ವಿಭಾಗದಲ್ಲಿ ಮೇಲ್ಮನವಿ ನೋಡುವ ಅಪೀಲ್ಸ್ ಪ್ಯಾನಲ್ಲೂ ಅವರ ಪರವಾಯಿತು. ಕೋರ್ಟಿನಲ್ಲಿ ಕೂತು ತೀರ್ಪು ಹೇಳುವ 12 ಸಾಮಾನ್ಯ ನಾಗರಿಕರ ಜ್ಯೂರಿ ಮುಂದೆ ಹೋಗಲಾ, ಜ್ಯೂರಿಯವರು ಸರಿಯಿಲ್ಲದಿದ್ದರೆ ಮೇಲಿನ ಕೋರ್ಟಲ್ಲಿ ನೋಡಿಕೊಳ್ಳಬಹುದಲ್ಲಾ ಅಂತ ಕೇಳಿದ್ದೀಯ.

ಹೋಗು. ಪ್ಯಾನಲ್ ತೀರ್ಪು ಅಂಚೆಗೆ ಬಿದ್ದ 45 ದಿನದೊಳಗೆ ಡಿಸ್ಟ್ರಿಕ್ಟ್ ಕೋರ್ಟಿನಲ್ಲಿ ದಾವೆ ಹಾಕಬೇಕು. ರುಜುವಾತಿನ ಹೊಣೆ ನಿನ್ನದು. ಪ್ಯಾನಲ್ ಏನು ಹೇಳಿತ್ತು ಅಂತ ಜಡ್ಜ್ ಜ್ಯೂರಿಗೆ ತಿಳಿಸಿಯೇ ತಿಳಿಸುತ್ತಾರೆ. ಅದಕ್ಕೇ ಆ 12 ಜನ ಯಾರು ಅನ್ನೋದು ಅಷ್ಟು ಮುಖ್ಯ.

ಹ್ಯೂಸ್ಟನ್‌ಗೆ ಬಂದ ಹೊಸದರಲ್ಲಿ ನನಗೆ ಜ್ಯೂರಿ ಅಂದರೇನು ಅಂತಲೇ ಗೊತ್ತಿರಲಿಲ್ಲ. ಊರಲ್ಲಾದರೆ ಆಗ ಇಂಥ ಕೇಸು ಕಾರ್ಮಿಕ ಪರಿಹಾರದ ಕಮಿಷನರ್ ಮುಂದೆ, ಆಮೇಲೆ ಹೈಕೋರ್ಟಿಗೆ ಹೋಗುತ್ತಿತ್ತು, ನಿನಗೂ ಗೊತ್ತಲ್ಲ. ನಮ್ಮ ಯಜಮಾನರ ಬೆನ್ನಿನ ಕೇಸು ಜ್ಯೂರಿತನಕ ಹೋಯಿತು. ಜ್ಯೂರಿ ಆಯ್ಕೆಯ ದಿನ, ಕರೆಸಿದ್ದ ಜನರನ್ನು ವಕೀಲರು ಪ್ರಶ್ನೆ ಕೇಳುವಾಗ ಮೂರನೇ ಸಾಲಿನವನೊಬ್ಬ, 'ಬೆನ್ನುನೋವು ಅನ್ನೋರೆಲ್ಲ ನಾಟಕ ಆಡ್ತಾರೆ, ನನ್ನ ಮನಸ್ಸು ಬದಲಾಗಲ್ಲ' ಅಂದ. ಅವನನ್ನು ತೆಗೆಯಿರಿ ಅಂದರು ನಮ್ಮ ವಕೀಲರು. ಜಡ್ಜ್ ಒಪ್ಪಲಿಲ್ಲ. ಕಾರಣ ಹೇಳದೆ ಹೆಸರು ಹೊಡೆದುಹಾಕಲು ಒಂದೊಂದು ಕಡೆಗೆ 6 ಅವಕಾಶ ಮಾತ್ರ. ಒಂದು ಅವನಿಗೇ ಹೋಯಿತು, ಆರೂ ತೀರಿದವು. ವಿಮೆ ಕಂಪನಿಯಲ್ಲಿ ಕ್ಲೇಮ್ ನೋಡುತ್ತಿದ್ದ ಹೆಂಗಸೊಬ್ಬರು ಪಟ್ಟಿಯಲ್ಲಿ ಹಾಗೇ ಉಳಿದರು.

ಪಟ್ಟಿಯನ್ನು ಕ್ಲರ್ಕ್ ಕೈಗೆ ಕೊಡುವ ಮುಂಚೆ ವಕೀಲರು ಎದ್ದು, 'ಆ ಮನುಷ್ಯನನ್ನು ನೀವು ತೆಗೆಯಲಿಲ್ಲ, ನನ್ನ ಆರೂ ಮುಗಿದವು, ಹಾಗಾಗಿ ಇಂಥವರು ನಮಗೆ ಬೇಡವಾಗಿದ್ದರೂ ಕೂರುತ್ತಿದ್ದಾರೆ' ಅಂತ ಹೆಸರು ಹಿಡಿದು ಹೇಳಿ ರೆಕಾರ್ಡ್ ಮಾಡಿಸಬೇಕಿತ್ತು. ಸುಮ್ಮನೆ ಪಟ್ಟಿ ಕೊಟ್ಟು ಕೂತರು. ಇಲ್ಲಿ 12ರಲ್ಲಿ 10 ಜನ ಒಪ್ಪಿದರೆ ಸಾಕು. ಹತ್ತು ಜನ ನಮ್ಮ ವಿರುದ್ಧ ಹೋದರು. ಮೇಲಿನ ಕೋರ್ಟು ಜಡ್ಜ್ ಮಾಡಿದ್ದು ಸರಿಯೋ ತಪ್ಪೋ ಅಂತ ನೋಡಲೇ ಇಲ್ಲ. ಆಗ ಹೇಳಲಿಲ್ಲ, ಈಗ ಕೇಳುವ ಹಾಗಿಲ್ಲ ಅಂದುಬಿಟ್ಟಿತು. ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ಯಜಮಾನರು ನಿಜವಾಗಿ ಬಿದ್ದಿದ್ದರು ತಮ್ಮಾ.

ಎದುರು ಪಕ್ಷದವರು ಜನಾಂಗ ನೋಡಿ ಹೆಸರು ಹೊಡೆದರೂ ಇದೇ ಮಾತು. ಸಿವಿಲ್ ಕೇಸಿನಲ್ಲೂ ಅದು ಕೂಡದು ಅಂತ 1991ರಲ್ಲಿ ಎಡ್ಮನ್‌ಸನ್ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹೇಳಿದೆ. ಎಡ್ಮನ್‌ಸನ್ ಕೂಡ ಕೆಲಸದಲ್ಲಿ ಗಾಯಗೊಂಡ ಕಟ್ಟಡ ಕಾರ್ಮಿಕನೇ. ಆದರೆ ಆ ಆಕ್ಷೇಪಣೆಯನ್ನು ಜ್ಯೂರಿ ಪ್ರಮಾಣವಚನ ತೆಗೆದುಕೊಳ್ಳುವ ಮೊದಲೇ ಎತ್ತಬೇಕು.

ಸಿಟಿಜನ್ ಆದಮೇಲೆ ನನಗೂ ಜ್ಯೂರಿ ಸಮನ್ಸ್ ಬಂತು. ರಜೆ ಹಾಕಿ, ಒಳ್ಳೇ ಸೀರೆ ಉಟ್ಟು ಹೋದೆ. ನಮ್ಮಂಥವರೂ ಆ ಕುರ್ಚಿಯಲ್ಲಿ ಕೂರಬೇಕು. ನಿನಗೂ ಮುಂದೆ ಬಂದರೆ ತಪ್ಪಿಸಿಕೊಳ್ಳಬೇಡ.

ಲಾಯರಿಗೆ ಎದುರು ಹೇಳಬಾರದು ಅನ್ನೋ ನಮ್ಮ ಕಡೆಯ ಸಂಕೋಚ ಇಲ್ಲಿ ಬೇಡ. ಆರೂ ತೀರಿದಾಗ ಏನು ಹೇಳ್ತೀರಿ ಅಂತ ಈಗಲೇ ಕೇಳಿ ಇಟ್ಟುಕೋ. ಪ್ಯಾನಲ್ ತೀರ್ಪು ಬಂದ ಲಕೋಟೆ ಎಸೆಯಬೇಡ, ಅದರ ತಾರೀಖು ನೋಡಿ ಭಾನುವಾರ ಫೋನ್ ಮಾಡು.